ಶೆಡ್ಡಿಗೆ ಗಾಳಿ ಮಿಷನ್ ತರೋರು ಮೊದಲು ಟ್ಯಾಂಕಿನ ತಳ ನೋಡಿ

ಈ ವಾರ ಮೂರು ಜನ ಕೇಳಿದ್ರು, "ಹೊಸ ಗಾಳಿ ಮಿಷನ್ ತಂದ್ರಂತಲ್ಲ, ನಾವೂ ತಗೋಬೇಕು, ಯಾವುದು ವಾಸಿ?" ಅಂತ. ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧ ಮರೆತು ಹೋಗುತ್ತೆ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಂಜೆ ಹಾಲು ಹಾಕಿ ಬಂದಮೇಲೆ ಓದ್ಕೊಳ್ಳಿ.

ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ. ಎರಡು ವರ್ಷದ ಹಿಂದೆ ತಿಪಟೂರಲ್ಲಿ ಒಂದು ಪಂಚರ್ ಅಂಗಡಿ ಮುಚ್ಚಿದಾಗ ನಮ್ಮ ಬಾಮೈದ ಅಲ್ಲಿಂದ ಹಳೇ ಕಂಪ್ರೆಸರ್ ಒಂದನ್ನ 6,500 ರೂಪಾಯಿಗೆ ಮಾತಾಡಿಸ್ಕೊಟ್ಟ. "ಹಳೇ ಕಾಲದ ಕಬ್ಬಿಣ ಭಾವ, ಈಗ ದುಡ್ಡು ಕೊಟ್ರೂ ಇಂಥದ್ದು ಸಿಗಲ್ಲ" ಅಂದ. ಮೈತುಂಬ ಹೊಸ ನೀಲಿ ಪೇಂಟು. ಮೋಟ್ರು ಓಡಿಸಿ ನೋಡಿದೆ, ಬೆಲ್ಟು ನೋಡಿದೆ, ಗೇಜ್ ಮುಳ್ಳು ಏರೋದು ನೋಡಿದೆ. ನೆಲಕ್ಕೆ ಮಲಗಿ ಟ್ಯಾಂಕಿನ ತಳ ಮಾತ್ರ ನೋಡಲಿಲ್ಲ.

ಒಂದೂವರೆ ವರ್ಷ ಏನೂ ತೊಂದ್ರೆ ಇಲ್ಲದೆ ನಡೀತು. ಕಳೆದ ಸಲ ರಾಗಿ ಒಕ್ಕಣೆ ಟೈಮಲ್ಲಿ ಮಗ ಅದರ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಟ್ರೈಲರ್ ಚಕ್ರಕ್ಕೆ ಗಾಳಿ ಹಿಡೀತಿದ್ದ. ಸಣ್ಣಗೆ ಸುಯ್ ಅಂತ ಸದ್ದು. ಪೈಪ್ ಇರ್ಬೇಕು ಅಂತ ಸೋಪಿನ ನೀರು ಹಚ್ಚಿ ನೋಡಿದ್ವಿ, ಪೈಪಲ್ಲ. ಟ್ಯಾಂಕಿನ ಅಡಿಗೆ ಕೈ ಹಾಕಿದ್ರೆ ಒದ್ದೆ, ಗಾಳಿ ಬಡೀತಿತ್ತು. ಸ್ವಿಚ್ ಆರಿಸಿ ಗಾಳಿ ಪೂರ್ತಿ ಬಿಟ್ಟು, ಮಿಷನ್ ಮಗುಚಿ ಪೇಂಟ್ ಕೆರೆದೆ. ಅಂಗೈ ಅಗಲ ತಗಡು ಹಾಕಿ ವೆಲ್ಡಿಂಗ್ ಮಾಡಿದ ತೇಪೆ. ತೇಪೆ ಪಕ್ಕ ಸ್ಕ್ರೂಡ್ರೈವರ್ ಒತ್ತಿದ್ರೆ ಒಳಕ್ಕೇ ಹೋಯ್ತು. ಆಮೇಲೆ ಸೇಫ್ಟಿ ವಾಲ್ವ್ ಎಲ್ಲಿ ಅಂತ ಹುಡುಕಿದ್ರೆ ಅದಿರೋ ಜಾಗಕ್ಕೆ ಯಾರೋ ಬೋಲ್ಟ್ ಜಡಿದಿದ್ರು.

ಎಂಟು ಕೆ.ಜಿ. ಪ್ರೆಷರ್ ಅಂದ್ರೆ ಒಂದೊಂದು ಚದರ ಸೆಂಟಿಮೀಟರಿಗೂ ಎಂಟು ಕೆ.ಜಿ. ಒತ್ತಡ. ಟ್ಯಾಂಕಿನ ತುದಿಯ ಮುಚ್ಚಳ 30 ಸೆಂಟಿಮೀಟರ್ ಅಗಲ ಅಂತ ಇಟ್ಕೊಂಡು ಲೆಕ್ಕ ಹಾಕಿ, ಐದೂವರೆ ಟನ್ ಮೇಲೆ ಬರುತ್ತೆ. ತುಂಬಿದ ಟ್ರೈಲರ್ ಒಂದರ ಭಾರ. ನನ್ನ ಮಗ ಅದಕ್ಕೆ ಒಂದು ಗೇಣು ದೂರದಲ್ಲಿ ಕೂತಿದ್ದ. ಮನೆಯವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ "ಹತ್ತು ಸಾವಿರ ಉಳಿಸೋಕೆ ಹುಡುಗನ್ನ ಅದರ ಪಕ್ಕ ಕೂರಿಸಿದ್ರಲ್ಲ" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ.

ಟ್ಯಾಂಕ್ ಕೆಡೋದು ಒಳಗಿನಿಂದ. ಗಾಳಿ ಒತ್ತಿದಾಗ ಅದರಲ್ಲಿರೋ ತೇವ ನೀರಾಗಿ ತಳದಲ್ಲಿ ನಿಲ್ಲುತ್ತೆ, ಮಳೆಗಾಲದಲ್ಲಂತೂ ಜಾಸ್ತಿ. ಅದಕ್ಕೇ ತಳದಲ್ಲಿ ಒಂದು ಸಣ್ಣ ಕಾಕ್ ಕೊಟ್ಟಿರ್ತಾರೆ. ಕೆಲಸ ಮುಗಿದ ಮೇಲೆ ಅದನ್ನ ತೆರೆದು ನೀರು ಬಿಡಬೇಕು. ಎಷ್ಟು ಜನ ಬಿಡ್ತಾರೆ? ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಹಳೇ ಮೋಟ್ರು ತಗೊಳ್ಳಿ, ಹಳೇ ಹೆಡ್ ಬೇಕಾದ್ರೂ ತಗೊಳ್ಳಿ, ಹಳೇ ಟ್ಯಾಂಕ್ ಮಾತ್ರ ಬೇಡ. ಟೆಸ್ಟ್ ಮಾಡಿಸಿ ತಗೋತೀವಿ ಅನ್ನೋರು ನೀರು ತುಂಬಿಸಿ ಪ್ರೆಷರ್ ಕೊಡೋ ಟೆಸ್ಟ್ ಮಾಡಿಸಿ. ನೀರು ಗಾಳಿ ಥರ ಅಮುಕಿಕೊಂಡು ಕೂರಲ್ಲ, ಟ್ಯಾಂಕ್ ಬಿರುಕು ಬಿಟ್ರೂ ಸೋರಿ ಪ್ರೆಷರ್ ಇಳಿಯುತ್ತೆ, ಸಿಡಿಯಲ್ಲ. ಗಾಳಿ ತುಂಬಿಸಿ "ನೋಡಿ, ತಡೀತು" ಅಂತ ತೋರಿಸೋದು ಟೆಸ್ಟ್ ಅಲ್ಲ. ನನ್ನದನ್ನ ಗುಜರಿಗೆ ಹಾಕೋ ಮುಂಚೆ ಗ್ರೈಂಡರಲ್ಲಿ ದೊಡ್ಡ ತೂತು ಕೊಯ್ಸಿದೆ, ಇನ್ಯಾರೂ ಅದಕ್ಕೆ ತೇಪೆ ಹಾಕಿ ಮಾರಬಾರದು ಅಂತ.

ಇನ್ನು ಹೊಸದರ ವಿಷಯ. ಅಂಗಡಿಯಲ್ಲಿ ಎರಡು ಥರ ತೋರಿಸಿದ್ರು. ಒಂದು ಮೋಟ್ರಿಗೇ ನೇರ ಜೋಡಿಸಿದ 2 ಎಚ್.ಪಿ., 24 ಲೀಟರ್ ಟ್ಯಾಂಕ್, ಆಯಿಲ್ ಬೇಡದ್ದು. ಇನ್ನೊಂದು ಬೆಲ್ಟ್ ಹಾಕಿದ 1 ಎಚ್.ಪಿ., 50 ಲೀಟರ್. ಎಚ್.ಪಿ. ನೋಡಿ ಮೋಸ ಹೋಗ್ಬೇಡಿ ಅಂತ ಎಲ್ಲರೂ ಹೇಳ್ತಾರೆ, ಹಾಗಾದ್ರೆ ಏನು ನೋಡ್ಬೇಕು ಅಂತ ಯಾರೂ ಹೇಳಲ್ಲ. ಸ್ಟಿಕ್ಕರಿನ ಮೇಲಿರೋ ಸಿ.ಎಫ್.ಎಂ. ಕೂಡ ಎಷ್ಟೋ ಸಲ ಪಿಸ್ಟನ್ ಎಳೆಯೋ ಗಾಳಿಯ ಲೆಕ್ಕ, ನಮ್ಮ ಪೈಪಿಗೆ ಬರೋದು ಅದಕ್ಕಿಂತ ಕಮ್ಮಿ. ನಾನು ಮೊಬೈಲಲ್ಲಿ ಟೈಮ್ ಹಿಡಿದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಎಂಟು ಕೆ.ಜಿ.ಗೆ ಏರೋವರೆಗೆ. 50 ಲೀಟರ್ ಟ್ಯಾಂಕಿಗೆ ಎಂಟು ಪಟ್ಟು ಅಂದ್ರೆ 400 ಲೀಟರ್ ಗಾಳಿ, 5 ನಿಮಿಷ 20 ಸೆಕೆಂಡ್ ತಗೊಂತು. ನಿಮಿಷಕ್ಕೆ 75 ಲೀಟರ್. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಲ್ಲಿಗೆ ಎರಡೂವರೆ ಸಿ.ಎಫ್.ಎಂ. ಮೇಲೆ ಸ್ವಲ್ಪ. ಸ್ಟಿಕ್ಕರ್ ಮೇಲೆ 4 ಇತ್ತು! ಅಂಗಡಿಯವರು ನಕ್ಕರು, ನಾನೂ ನಕ್ಕೆ.

ಸತ್ಯ ಹೇಳ್ಬೇಕು ಅಂದ್ರೆ ಗಾಳಿ ಲೆಕ್ಕದಲ್ಲಿ ಆ 2 ಎಚ್.ಪಿ.ದೇ ಮುಂದಿತ್ತು. ಆದ್ರೂ ನಾನು ಬೆಲ್ಟಿಂದು ತಂದೆ. ನೇರ ಜೋಡಿಸಿದ್ದು ಮೋಟ್ರಿನ ಸ್ಪೀಡಲ್ಲೇ ಬಡ್ಕೊಳ್ಳುತ್ತೆ, ಬೇಗ ಕಾಯುತ್ತೆ, ಕೊಟ್ಟಿಗೇಲಿ ಹಸು ಬೆದರೋ ಅಷ್ಟು ಸದ್ದು. ಬೆಲ್ಟಿನದು ದೊಡ್ಡ ಪುಲ್ಲಿ ಇಟ್ಕೊಂಡು ನಿಧಾನ ತಿರುಗುತ್ತೆ, ಆಯಿಲ್ ಇರುತ್ತೆ, ರಿಂಗ್ ಹೋದ್ರೆ ರಿಂಗ್ ಹಾಕಿಸ್ಬಹುದು. ಆಯಿಲ್ ಮಾತ್ರ ಕಂಪ್ರೆಸರ್ ಆಯಿಲ್ಲೇ ಹಾಕಿ, ಟ್ರ್ಯಾಕ್ಟರಿಗೆ ತಂದಿದ್ದು ಉಳಿದಿದೆ ಅಂತ ಸುರೀಬೇಡಿ.

ಇನ್ನೊಂದು ಕಾರಣ ಕರೆಂಟು. ನಮ್ಮ ಲೈನಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಸ್ಟಾರ್ಟ್ ಆಗುವಾಗ ಮೋಟ್ರು ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತೆ, ಎಚ್.ಪಿ. ದೊಡ್ಡದಾದಷ್ಟೂ ಕಷ್ಟ. ಅಂಗಡಿಯಲ್ಲೇ ಒಂದು ವಿಷಯ ಕಿವಿಗೊಟ್ಟು ಕೇಳಿ. ಕಟಾಫ್ ಆದ ತಕ್ಷಣ ಟುಸ್ ಅಂತ ಒಂದು ಸದ್ದು ಬರ್ಬೇಕು, ಹೆಡ್ಡಿನ ಪೈಪಲ್ಲಿ ಉಳಿದ ಗಾಳಿ ಹೊರಗೆ ಹೋಗೋ ಸದ್ದು. ಅದು ಬರದಿದ್ರೆ ಮುಂದಿನ ಸಲ ಮೋಟ್ರು ಭಾರದ ಮೇಲೆ ಸ್ಟಾರ್ಟ್ ಆಗ್ಬೇಕು, ಹೂಂ ಅಂತ ಗುನುಗಿ ಸುಟ್ಟು ಹೋಗುತ್ತೆ. ಹಾಗೇ ಸಣ್ಣ ವೈರಲ್ಲಿ ಎಕ್ಸ್‌ಟೆನ್ಷನ್ ಎಳೆದು ಅಂಗಳಕ್ಕೆ ಮಿಷನ್ ತರ್ಬೇಡಿ. ಮಿಷನ್ ಬೋರ್ಡ್ ಹತ್ರಾನೇ ಇರ್ಲಿ, ಉದ್ದ ಮಾಡೋದಿದ್ರೆ ಗಾಳಿ ಪೈಪ್ ಉದ್ದ ಮಾಡಿ.

ಬಳಸೋದ್ರಲ್ಲಿ ನನಗೆ ಸಿಟ್ಟು ಬರೋದು ಎರಡಕ್ಕೆ. ಒಕ್ಕಣೆ ಮುಗಿಸಿ ಹುಡುಗರು ಪೈಪ್ ಹಿಡಿದು ಬಟ್ಟೆ, ತಲೆ ಧೂಳು ಊದ್ಕೊಳ್ಳೋದು. ಕಣ್ಣಿಗೆ, ಕಿವಿಗೆ, ಗಾಯಕ್ಕೆ ನುಗ್ಗಿದ್ರೆ ಗತಿ ಏನು? ಇನ್ನೊಂದು, ಟ್ರ್ಯಾಕ್ಟರ್ ಏರ್ ಫಿಲ್ಟರಿಗೆ ಪೂರ್ತಿ ಪ್ರೆಷರ್ ಹಿಡಿಯೋದು. ಕಾಗದದ ಫಿಲ್ಟರ್ ಹರಿದ್ರೆ ಧೂಳು ನೇರ ಎಂಜಿನ್ನಿಗೆ. ಪ್ರೆಷರ್ ಇಳಿಸಿ, ದೂರದಿಂದ, ಒಳಗಿಂದ ಹೊರಕ್ಕೆ ಊದಿ. ಟೈರಿಗೆ ಬೇರೆ ಗೇಜ್ ಇಟ್ಕೊಳ್ಳಿ, ಮಿಷನ್ ಗೇಜ್ ತೋರ್ಸೋದು ಟ್ಯಾಂಕಿನ ಗಾಳಿ, ಟೈರಿಂದಲ್ಲ.

ಬರೀ ಬೈಕಿಗೆ ಅಂತಾದ್ರೆ ಇದೆಲ್ಲ ಬೇಡ, ಕಾಲಲ್ಲಿ ಒತ್ತೋ ಪಂಪ್ ಸಾಕು. ನಾಲ್ಕು ಮನೆ ಸೇರಿ ಒಂದು ತರೋಣ ಅಂತ ನಮ್ಮ ಕೇರಿಯಲ್ಲಿ ಮಾತು ಬಂದಿತ್ತು, ನಾನೇ ಬೇಡ ಅಂದೆ. ಕೆಲವರಿಗೆ ಬೇಜಾರಾಯ್ತು. ಪಾಲಿನ ಮಿಷನ್ನಿಗೆ ದಿನಾ ನೀರು ಬಿಡೋರು ಯಾರು ಅಂತ ಕೇಳಿದೆ, ಅವನು ಬಿಡ್ತಾನೆ ಅಂತ ಒಬ್ಬರು ಇನ್ನೊಬ್ಬರನ್ನ ತೋರಿಸಿದ್ರು. ಈಗ ನನ್ನದೇ ಇದೆ, ಗಾಳಿ ಬೇಕಾದೋರು ಬನ್ನಿ, ದುಡ್ಡು ಬೇಡ. ಆರು ಗಂಟೆ ಒಳಗೆ ಬನ್ನಿ, ಆಮೇಲೆ ಟ್ಯಾಂಕ್ ಖಾಲಿ ಮಾಡಿರ್ತೀನಿ.