ಶಾಲೆಯ ಗೋಡೆಗಳು

ಊರ ಶಾಲೆಗೆ ಕಲ್ಲಿನ ಕಟ್ಟಡವಾಯಿತೆಂದರೆ ಜನರು ಸಂತೋಷಪಡುವುದು ಸಹಜವೇ. 2004ನೆಯ ಇಸವಿ ಜುಲೈ 16ರಂದು ಕುಂಭಕೋಣದ ಶಾಲೆಯೊಂದರ ಗರಿಯ ಚಾವಣಿಗೆ ಬೆಂಕಿ ತಗುಲಿ 94 ಮಕ್ಕಳು ಬಲಿಯಾದ ಮೇಲಂತೂ, ಹುಲ್ಲು ಗರಿಗಳ ಶಾಲೆ ಬೇಡ, ಪಕ್ಕಾ ಕಟ್ಟಡವೇ ಬೇಕೆಂಬ ಕೂಗು ದೇಶದಲ್ಲೆಲ್ಲ ಎದ್ದಿತು. ಸುರಕ್ಷಿತವಾದ ಶಾಲೆಯು ಶಿಕ್ಷಣದ ಹಕ್ಕಿನಲ್ಲಿಯೇ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. ಇದೆಲ್ಲವೂ ಯುಕ್ತವಾದುದೇ. ಆದರೆ ‘ಪಕ್ಕಾ’ ಎಂಬ ಎರಡಕ್ಷರಗಳ ಮೇಲೆ ನಮ್ಮವರು ಇಟ್ಟಿರುವ ಭರವಸೆಯು ಅತಿಯಾಯಿತೆಂದು ಹೇಳದೆ ವಿಧಿಯಿಲ್ಲ.

ನಮ್ಮ ಬೀದರಕ್ಕೆ ಹೊಂದಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಿನಲ್ಲಿ 1993ರ ಸಪ್ಟೆಂಬರ 30ರ ಬೆಳಗಿನ ಜಾವ ಭೂಮಿ ನಡುಗಿತು. ಸುಮಾರು 8,000ದಿಂದ 10,000 ಜನರು ಮಡಿದರು. ಅವರಲ್ಲಿ ಬಹುಮಂದಿ ಸತ್ತುದು ತಮ್ಮ ತಮ್ಮ ಮನೆಯ ಗೋಡೆ ಮಾಳಿಗೆಗಳ ಕೆಳಗೇ. ಗೋಡೆಗಳೇನೂ ತೆಳುವಾಗಿರಲಿಲ್ಲ, ಎರಡಡಿಗೂ ಮೀರಿದ ದಪ್ಪವಿದ್ದವು. ಆದರೆ ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು! ಎರಡು ಸಾಲುಗಳನ್ನೂ ಕೂಡಿಸಿ ಹಿಡಿಯುವ ಒಂದು ಕಲ್ಲೂ ಇಲ್ಲ. ಭೂಮಿ ಅಲುಗಿದೊಡನೆ ಹೊರಸಾಲು ಹೊರಗೆ ಉಬ್ಬಿ ಬಿತ್ತು. ಮಣ್ಣಿನ ಮಾಳಿಗೆಯ ಭಾರವೆಲ್ಲ ಮಲಗಿದ್ದವರ ಮೇಲೆ ಇಳಿಯಿತು. ಭೂಕಂಪದ ಭಯ ಅತ್ಯಲ್ಪವೆಂದು ಅಂದಿನ ನಕ್ಷೆಯು ತೋರಿಸುತ್ತಿದ್ದ ಸೀಮೆಯಿದು. 2002ರ ಪರಿಷ್ಕರಣದಲ್ಲಿ ಆ ಕನಿಷ್ಠ ವರ್ಗವನ್ನೇ ತೆಗೆದುಹಾಕಬೇಕಾಯಿತು.

ಆ ಹೊತ್ತಿಗೆ ಶಾಲೆಗಳು ಬರಿದಾಗಿದ್ದುವು. 2005ರ ಅಕ್ಟೋಬರ 8ರಂದು ಕಾಶ್ಮೀರದಲ್ಲಿ ಹಾಗಾಗಲಿಲ್ಲ. ಪಾಠ ನಡೆಯುತ್ತಿದ್ದ ವೇಳೆಯಲ್ಲಿಯೇ ಶಾಲೆಗಳು ಕುಸಿದು, ಗಡಿಯಾಚೆಯ ಭಾಗದಲ್ಲಿ ಸಾವಿರಾರು ಮಕ್ಕಳು ಅಸುನೀಗಿದರು. ಮಕ್ಕಳಿಗೆ ಗಡಿಯೇನು?

ಹಾಗಾದರೆ ಕಲ್ಲು ಇಟ್ಟಿಗೆಗಳನ್ನು ಬಿಟ್ಟು ಸಿಮೆಂಟಿನ ಕಂಬಗಳಿಗೆ ಶರಣಾಗಬೇಕೇ? ಕೆಲವು ಇಂಜಿನಿಯರರು ಹಾಗೆನ್ನುವುದುಂಟು. ನಾವು ಒಪ್ಪಲಾರೆವು. ಕರಾವಳಿಯಲ್ಲಿ ಮುರಕಲ್ಲು, ಕಲಬುರ್ಗಿಯಲ್ಲಿ ಶಹಾಬಾದಿನ ಕಲ್ಲು, ಮೈಸೂರು ಸೀಮೆಯಲ್ಲಿ ಕಗ್ಗಲ್ಲು ಕೈಗೆಟಕುವಂತಿರಲು, ಅದರ ಗುಣಾವಗುಣಗಳನ್ನು ಬಲ್ಲ ಗೌಂಡಿಗಳು ಊರಲ್ಲಿರಲು, ನೀರು ಹೆಚ್ಚಾಗಿ ಸರಳು ಕಡಿಮೆಯಾದ ಹುಸಿ ಕಂಬವನ್ನು ನಂಬುವುದು ಯಾವ ವಿವೇಕ? ಬೇಕಾದುದು ಬಂಧ. ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿಯೇ ಹೊರಡಿಸಿದ 13828ನೆಯ ಸಂಖ್ಯೆಯ ಸೂಚನೆಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಗೋಡೆ ಏರಿದಂತೆ 60 ಸೆಂಟಿಮೀಟರಿಗೊಮ್ಮೆ, ಅಡ್ಡಲಾಗಿ 1.2 ಮೀಟರಿಗೆ ಮೀರದ ಅಂತರದಲ್ಲಿ, ಗೋಡೆಯ ಪೂರ್ತಿ ದಪ್ಪವನ್ನು ಹಾಯುವ ಉದ್ದಗಲ್ಲನ್ನು ಇಡತಕ್ಕದ್ದು. ಬಾಗಿಲು ಕಿಟಕಿಗಳನ್ನು ಮೂಲೆಗೆ ಒತ್ತಿ ತೆರೆಯಕೂಡದು. ಅವುಗಳ ನೆತ್ತಿಯ ಮಟ್ಟದಲ್ಲಿ, ಕಬ್ಬಿಣದ ಸರಳಿಟ್ಟ ಕಾಂಕ್ರೀಟಿನ ಪಟ್ಟಿಯೊಂದು ಎಲ್ಲ ಗೋಡೆಗಳನ್ನೂ ಎಲ್ಲಿಯೂ ಕಡಿಯದಂತೆ ಸುತ್ತಿಬರಬೇಕು. ಪೆಟ್ಟಿಗೆಗೆ ಬಿಗಿದ ಹಗ್ಗದಂತೆ ಅದು ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ.

ಉದ್ದಗಲ್ಲು ಹುಡುಕುವುದು ಶ್ರಮದ ಕೆಲಸ. ಗಿಲಾವು ಮಾಡಿ ಸುಣ್ಣ ಬಳಿದ ಮೇಲೆ ಅದು ಇದೆಯೋ ಇಲ್ಲವೋ ಕೇಳುವವರಾರು? ಉದ್ಘಾಟನೆಗೆ ಬಂದ ಮಂತ್ರಿಗಳಿಗೆ ಕಾಣುವುದು ಬಣ್ಣ. ಗುತ್ತಿಗೆದಾರನ ಲಾಭ ಅದರ ಹಿಂದೆ.

ಆದುದರಿಂದ ಸರಕಾರದವರು ಒಂದು ನಿಯಮವನ್ನು ಮಾಡಲಿ. ಶಾಲೆಯ ಗೋಡೆಯನ್ನು ಇಂಜಿನಿಯರರೂ ಊರಿನ ಶಾಲಾಭಿವೃದ್ಧಿ ಸಮಿತಿಯವರೂ ಬೆತ್ತಲೆಯಾಗಿ ನೋಡಿ, ಉದ್ದಗಲ್ಲುಗಳನ್ನು ಎಣಿಸಿ ರುಜು ಹಾಕುವವರೆಗೆ ಗಿಲಾವು ಕೂಡದು, ಹಣದ ಕಂತೂ ಕೂಡದು. ಪಟ್ಟಿಯಲ್ಲಿ ಸರಳು ಕೂಡಿಸಿದ ದಿನವೂ ಇದೇ ಕ್ರಮ ನಡೆಯಲಿ. ಈಗಾಗಲೇ ನಿಂತಿರುವ ಹಳೆಯ ಕಲ್ಲುಗೋಡೆಗಳನ್ನು ಕೆಡಹಲೇಬೇಕೆಂದಿಲ್ಲ. ಗೋಡೆಯಲ್ಲಿ ರಂಧ್ರ ಬಿಡಿಸಿ, ಸರಳಿಟ್ಟು ಕಾಂಕ್ರೀಟು ತುಂಬಿ, ಎರಡು ಸಾಲುಗಳನ್ನು ಹೊಲಿಯುವ ವಿಧಾನವನ್ನು ಲಾತೂರಿನ ಕಡೆ ಭೂಕಂಪದ ನಂತರ ಅನುಸರಿಸಿದ್ದುಂಟು. ಆ ಕೆಲಸವನ್ನು ಬೀದರ, ಕಲಬುರ್ಗಿ ಜಿಲ್ಲೆಗಳ ಶಾಲೆಗಳಿಂದಲೇ ಬರುವ ಬೇಸಗೆಯ ರಜೆಯಲ್ಲಿ ಆರಂಭಿಸತಕ್ಕದ್ದು.