ಎಷ್ಟು ಹೊತ್ತಿಗೆ ಮಲಗ್ತೀಯಮ್ಮಾ?

ಮುಟ್ಟು ಏರುಪೇರಾಗಿದೆ ಎಂದು ಓಪಿಡಿಗೆ ಬರುವ ಹೆಣ್ಣುಮಕ್ಕಳನ್ನು ಏನೇನೋ ಕೇಳುತ್ತೇವೆ. ಮದುವೆಯಾಗಿದೆಯಾ, ತೂಕ ಎಷ್ಟು, ಥೈರಾಯ್ಡ್ ನೋಡಿಸಿದ್ಯಾ, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲಿ? ಎಷ್ಟು ಹೊತ್ತಿಗೆ ಮಲಗ್ತೀಯಮ್ಮಾ ಅಂತ ಕೇಳುವವರು ಅಪರೂಪ. ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿ ನಿವೃತ್ತಳಾದ ನನಗೆ ಇದು ಆಶ್ಚರ್ಯವಲ್ಲ. ನೈಟ್ ಡ್ಯೂಟಿ ಮಾಡುತ್ತಿದ್ದ ನಮ್ಮನ್ನೂ ಯಾರೂ ಕೇಳಿದ್ದಿಲ್ಲ.

ಕತ್ತಲಾದರೆ ಮೆದುಳಿನಲ್ಲಿ ನಿದ್ದೆಗೆ ಕರೆಯುವ ಮೆಲಟೋನಿನ್ ಹಾರ್ಮೋನು ಏರುತ್ತದೆ. ವಾರ್ಡಿನ ಟ್ಯೂಬ್‌ಲೈಟ್ ಅದನ್ನು ತಗ್ಗಿಸುತ್ತದೆ. ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನುಗಳೂ ಇದೇ ಹಗಲು-ರಾತ್ರಿಯ ಲೆಕ್ಕದಲ್ಲಿ ನಡೆಯುವಂಥವು. ಅಮೆರಿಕದಲ್ಲಿ 1989ರಲ್ಲಿ ಶುರುವಾದ ನರ್ಸ್‌ಗಳ ಅಧ್ಯಯನದಲ್ಲಿ, ಪಾಳಿ ಬದಲಿಸುತ್ತ ದುಡಿದವರಲ್ಲಿ ಮುಟ್ಟಿನ ಏರುಪೇರು ಹೆಚ್ಚು ಕಂಡಿತು. ಎಂಟು ವಾರ ದಾಟಿದ ಗರ್ಭಿಣಿ ವಾರಕ್ಕೆ ಎರಡೋ ಹೆಚ್ಚೋ ರಾತ್ರಿಪಾಳಿ ಮಾಡಿದರೆ ಮರುವಾರ ಗರ್ಭಪಾತದ ಸಂಭವ ಹೆಚ್ಚೆಂದು 2019ರ ಡೆನ್ಮಾರ್ಕ್ ಅಧ್ಯಯನ ಹೇಳಿತು. ಹಾಗಂತ ಮುಟ್ಟಿನ ಏರುಪೇರಿಗೆಲ್ಲ ನಿದ್ದೆಗೇಡೇ ಕಾರಣ ಎನ್ನಲಾರೆ, ಥೈರಾಯ್ಡ್ ನೋಡಿಸಲೇಬೇಕು.

ರಾತ್ರಿಪಾಳಿಯವರು ಹಗಲು ಮಲಗಬಹುದಲ್ಲ ಎನ್ನುತ್ತಾರೆ. ಎಲ್ಲಿ ಮಲಗೋದು? ಬೆಳಿಗ್ಗೆ ಹ್ಯಾಂಡ್‌ಓವರ್ ಮುಗಿಸಿ, ಬಸ್ ಹಿಡಿದು ಮನೆಗೆ ಬಂದರೆ ಸಿಂಕಿನ ತುಂಬ ರಾತ್ರಿಯ ಪಾತ್ರೆ. ಕುಕ್ಕರ್ ಇಟ್ಟು, ಬಟ್ಟೆ ನೆನೆಸಿ, ಕಣ್ಣು ಹತ್ತುವ ಹೊತ್ತಿಗೆ ಗ್ಯಾಸಿನವನು ಬೆಲ್ ಒತ್ತುತ್ತಾನೆ. ಶಾಲೆಯಿಂದ ಮಗು ಬರುವುದರೊಳಗೆ ಎದ್ದಾಗಿರುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ. ಮಾಡುವ ಗಂಡಸರು 97. ನಿದ್ದೆ ಯಾರದು ಕಡಿತವಾಗುತ್ತದೆ ಎಂದು ಬಿಡಿಸಿ ಹೇಳಬೇಕೆ?

ನಮ್ಮ ರಾಜ್ಯ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ಹೆಂಗಸರ ರಾತ್ರಿಪಾಳಿಗೆ ದಾರಿ ಮಾಡಿತು. 2025ರಲ್ಲಿ ಸಂಪುಟ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿತು. ಎರಡನ್ನೂ ಬೇಡ ಎನ್ನುವವಳಲ್ಲ ನಾನು. ರಾತ್ರಿ ದುಡಿದರೆ ಬರುವ ದುಡ್ಡಿನ ಬೆಲೆ ಗೊತ್ತು. ಆದರೆ ರಾತ್ರಿಪಾಳಿಗೆ ಹೆಂಗಸರನ್ನು ವಾಹನದಲ್ಲಿ ಕರೆತಂದು ಬಿಡುವುದಕ್ಕೆ ನಿಯಮವಿದೆ. ಮನೆ ಸೇರಿದವಳಿಗೆ ನಿದ್ದೆ ಸಿಕ್ಕಿತೇ ಎಂದು ನೋಡುವವರಿಲ್ಲ.

ಮಾಡಬಹುದಾದ್ದು ದೊಡ್ಡದೇನಲ್ಲ. ನೈಟ್ ಮುಗಿಸಿದವಳನ್ನು ಅದೇ ಬೆಳಿಗ್ಗೆ ಮೀಟಿಂಗು, ಟ್ರೇನಿಂಗಿಗೆ ಕೂರಿಸಬಾರದು. ಗರ್ಭಿಣಿ ಎಂದು ತಿಳಿಸಿದ ದಿನವೇ ರಾತ್ರಿಪಾಳಿಯಿಂದ ಹೆಸರು ತೆಗೆಯಬೇಕು, ಸಂಬಳ ಕತ್ತರಿಸದೆ. ಪಾಳಿ ಯಾವುದೆಂದು ಓಪಿಡಿ ಚೀಟಿಯಲ್ಲಿ ಬರೆಯಬೇಕು. ಇರುವ ಸಿಬ್ಬಂದಿಯಲ್ಲಿ ಇದೆಲ್ಲ ಆಗಲ್ಲ ಸಿಸ್ಟರ್ ಅಂತಾರೆ ಮೇಲಿನವರು. ನಿಜ, ಆಗಲ್ಲ. ಖಾಲಿ ಹುದ್ದೆಗಳನ್ನು ಮೊದಲು ತುಂಬಲಿ.