ಹನ್ನೆರಡು ಅಡಿಯ ಕೋಣೆಗೆ ಎಷ್ಟು ಧ್ವನಿ ಬೇಕು?

ಪೀಣ್ಯದ ಕಾರ್ಖಾನೆಗಳಲ್ಲಿ ಎಂಟು ತಾಸು ಯಂತ್ರಗಳ ಸದ್ದಿನ ನಡುವೆ ದುಡಿದು ಬಂದವರ ಕಿವಿಗಳಿಗೆ ಮನೆಯಲ್ಲಾದರೂ ವಿಶ್ರಾಂತಿ ದೊರೆಯಬೇಕು. ಆದರೆ ಹತ್ತು-ಹನ್ನೆರಡು ಅಡಿಯ ಕೋಣೆಗಳಲ್ಲಿಯೂ ಸಭಾಭವನಕ್ಕೆ ಸಾಲುವಂತಹ ಸಬ್‌ವೂಫರ್‌ಗಳನ್ನು ನಾವು ಕಾಣುತ್ತಿದ್ದೇವೆ. ಕೊಂಡವರು ಇದನ್ನು ಅಂತಸ್ತೆಂದು ಬಗೆಯುವರು. ನಮಗಿದು ಹಣ ತೆತ್ತು ತಂದ ಉಪದ್ರವವೆನಿಸುತ್ತದೆ.

12 ಅಡಿ ಅಂತರದ ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಮಂದ್ರಧ್ವನಿಯು ಹಿಂದುಮುಂದು ಅಪ್ಪಳಿಸಿ ನಿಂತುಬಿಡುತ್ತದೆ. ಗೋಡೆಯ ಬಳಿ ಗುಡುಗು, ಕೋಣೆಯ ನಡುವೆ ಬಲು ಕ್ಷೀಣ. ನಡುವೆ ಕುಳಿತವರು ಸಾಲದೆಂದು ಧ್ವನಿ ಏರಿಸುತ್ತಾರೆ. ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರಂತೂ ಗುಡುಗು ಇನ್ನೂ ಬಲಿಯುತ್ತದೆ. ಇಂತಹ ಕೋಣೆಗೆ 8 ಅಂಗುಲದ ಸಬ್‌ವೂಫರ್ ಧಾರಾಳ. ಒಳ್ಳೆಯ ಎರಡು ಸ್ಪೀಕರ್‌ಗಳಿದ್ದರೆ ಅದೂ ಬೇಡವೆಂದೇ ನಮ್ಮ ಅಭಿಪ್ರಾಯ. ಮೂಲೆಯಿಂದ ಈಚೆಗೆ ಸರಿಸಲು ದುಡ್ಡೇನೂ ಬೇಕಿಲ್ಲ.

85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸಿಗಿಂತ ಹೆಚ್ಚು ಕೇಳುವುದು ಶ್ರವಣಶಕ್ತಿಗೆ ಅಪಾಯ. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಆ ಪಾಲನ್ನು ಕಾರ್ಖಾನೆಯಲ್ಲಿಯೇ ಮುಗಿಸಿ ಬಂದ ಕಿವಿಗೆ ಮನೆಯಲ್ಲಿ ಉಳಿಯುವುದೇನು?

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ಬಳಿಕ 45 ಡೆಸಿಬೆಲ್ ಮಿತಿ ವಿಧಿಸಿವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ರಾತ್ರಿಪಾಳಿ ಮುಗಿಸಿದವರಿಗೆ ಹಗಲೇ ಇರುಳು. ಗೋಡೆಯಾಚೆ ಮಲಗಿರುವ ಅವರಿಗೆ ನಮ್ಮ ಹಾಡು ಕೇಳಿಸದು, ಗುದ್ದು ಮಾತ್ರ ಕೇಳಿಸುತ್ತದೆ.